ಗಟಾರದೊಳಗಿನ ಪೈಪು

ಖಂಡಪ್ಪ ಗಟಾರದ ರಾಡಿಯೊಳಗೆ ಮೊಣಕೈ ಮಟ ಕೈ ಇಳಿಸಿ ಪೈಪನ್ನು ತಡವಿದ. ಬೆರಳಿಗೆ ಮೊದಲು ಸಿಕ್ಕಿದ್ದು ಹೋದ ವರ್ಷ ತಾನೇ ಸುತ್ತಿದ್ದ ಸೈಕಲ್ ಟ್ಯೂಬು. ಜಗ್ಗಿದರೆ ಕೊಳೆತ ಕರುಳಿನಂತೆ ಬಿಚ್ಚಿಕೊಂಡು ಬಂತು. ಅದರಡಿ ತುಕ್ಕು ತಿಂದ ಜಾಯಿಂಟು, ಜಾಯಿಂಟಿನಲ್ಲಿ ಉಗುರು ಹೋಗುವಷ್ಟು ಬಿರುಕು. ಉಗುರು ತುರುಕಿ ನೋಡಿದ. ಒಳಗೂ ರಾಡಿಯೇ ಇತ್ತು.

ಓಣಿಯ ಈ ತುದಿ ಆ ತುದಿ ಕಣ್ಣಾಡಿಸಿದ. ಶಹಾಪುರದ ಬಿಸಿಲಿಗೆ ನಾಯಿಗಳೂ ನೆರಳು ಹಿಡಿದು ಮಲಗಿದ್ದವು. ಈ ಹೊತ್ತನ್ನು ಆರಿಸಿಕೊಂಡದ್ದೇ ಅದಕ್ಕೆ. ನಳ ರಿಪೇರಿಯ ಭಾಗಣ್ಣನನ್ನು ಕರೆಸಿದ್ದರೆ ಚಹಾ ಆರುವುದರೊಳಗೆ ಮುಗಿಯುವ ಕೆಲಸ. ಆದರೆ ಭಾಗಣ್ಣ ಬರೀ ಜಾಯಿಂಟು ನೋಡಿ ಸುಮ್ಮನೆ ಹೋಗುವವನಲ್ಲ. ಪೈಪಿನ ಗುಂಟ ನಡೆದು ಖಂಡಪ್ಪನ ಅಂಗಳದ ಮೋಟಾರಿನ ತನಕ ಬರುತ್ತಿದ್ದ.

ಕಾಲುವೆಯ ನೀರು ಊರಿನ ನಳಕ್ಕೆ ಬಂದಾಗ ಖರ್ಚು ಉಳಿಯಲೆಂದು ಓಣಿಯಲ್ಲಿ ಎರಡೆರಡು ಮನೆಯವರು ಕೂಡಿ ಒಂದೊಂದು ಪೈಪು ಎಳೆಸಿಕೊಂಡಿದ್ದರು. ಖಂಡಪ್ಪನದೂ ಮಗ್ಗುಲಮನೆಯ ಹಜರಾಬೀಯದೂ ಒಂದೇ ಪೈಪು. ಗಟಾರ ದಾಟಿದ ಮೇಲೆ ಎರಡಾಗಿ ಕವಲೊಡೆಯುತ್ತಿತ್ತು. ನೀರು ಸಣ್ಣಗೆ ಬರತೊಡಗಿದಾಗ ಖಂಡಪ್ಪ ತನ್ನ ಕವಲಿಗೆ ಮೋಟಾರು ಕೂಡಿಸಿ ಜಗ್ಗಿದ. ಬಿರುಕು ಇದ್ದರೆ ಮೋಟಾರು ಗಟಾರವನ್ನೂ ಜಗ್ಗುತ್ತದೆ ಎಂಬುದು ಗೊತ್ತಾದದ್ದು ತನ್ನ ಸಂಪು ನಾರತೊಡಗಿದಾಗ. ಅಂದಿನಿಂದ ಹೆಂಡತಿ ಮರಿಲಿಂಗಮ್ಮ ಕುಡಿಯಲು ಬಾವಿಯ ನೀರು ತರತೊಡಗಿದಳು. ಮೋಟಾರು ನಿಂತ ಮೇಲೆ ಪೈಪಿನಲ್ಲಿ ಉಳಿದದ್ದು ಹಜರಾಬೀಯ ನಳಕ್ಕೆ ಇಳಿಯುತ್ತಿತ್ತು. ಕಾಲುವೆಯ ನೀರು ಹೇಗೂ ಮಣ್ಣುಬಣ್ಣದ್ದೇ. ಆಕೆ ಸೆರಗಿನಲ್ಲಿ ಸೋಸಿ ತುಂಬಿಕೊಳ್ಳುತ್ತಿದ್ದಳು. "ಅವರಿಗೂ ಒಂದ್ ಮಾತ ಹೇಳ್ರಿ" ಎಂದು ಮರಿಲಿಂಗಮ್ಮ ಅಂದಾಗ, "ಮೊದಲ ರಿಪೇರಿ ಮಾಡ್ತೀನಿ ತಡಿ" ಎಂದಿದ್ದ. ತಡ ಮಾಡುತ್ತಲೇ ಬಂದ. ಅಷ್ಟರಲ್ಲಿ ಹಜರಾಬೀಯ ಮೊಮ್ಮಗನಿಗೆ, ಸೊಸೆ ಮಮ್ತಾಜಳ ಕೂಸಿಗೆ, ವಾಂತಿ ಭೇದಿ ಹತ್ತಿಕೊಂಡು, ಮೊನ್ನೆ ಮಣ್ಣು ಮಾಡಿ ಬಂದಿದ್ದರು. ಗೋರಿಯ ಮೇಲೆ ಒಂದು ಹಿಡಿ ಮಣ್ಣು ಖಂಡಪ್ಪನದೂ ಇತ್ತು.

ಹಳೆಯ ಜಾಯಿಂಟು ಬಿಚ್ಚಿ ಒಗೆದು, ಹೊಸದಕ್ಕೆ ಸೋರದಂತೆ ಸಫೇದಾ ಬಳಿದು ದಾರ ಸುತ್ತಿ, ನಟ್ಟು ಬಿಗಿಯುವ ಪಾನಾ ಹಚ್ಚಿ ತಿರುವುತ್ತಿದ್ದಾಗ ಬೆನ್ನ ಹಿಂದೆ ಬಾಗಿಲಿನ ಸಪ್ಪಳವಾಯಿತು.

"ಯಾರವ? ಖಂಡಪ್ಪನಾ?" ಹಜರಾಬೀ ಹೊಸ್ತಿಲಲ್ಲಿ ನಿಂತಿದ್ದಳು. "ಅಂಗಿ ಇಸ್ತ್ರಿ ಮುರಿದ್ರ ಊಟಾ ಬಿಡಾಂವ, ಗಟಾರಕ್ಕ ಇಳದೀಯಲ್ಲೋ."

"ಪೈಪ್ ಜರಾ ಸೋರಾಕತ್ತಿತ್ರಿ ಚಾಚಿ."

"ನಮ್ಮದೂ ಅದೇ ಪೈಪಲ್ಲ. ಅಲ್ಲಾ ನಿನ್ನ ಚಲೋ ಇಡ್ಲಿ ಬೇಟಾ."

ಖಂಡಪ್ಪ ಪಾನಾ ಇನ್ನಷ್ಟು ಬಿಗಿದ. ಒಳಗಿನಿಂದ ಯಾರೋ ಕಾರಿಕೊಂಡ ಸದ್ದು, ಹಿಂದೆಯೇ ಬುಟ್ಟಿ ಉರುಳಿದ ಸದ್ದು.

"ಮಮ್ತಾಜಾ?" ಎಂದ.

"ಮತ್ಯಾರು? ಮುಂಜಾನಿಂದ ಆಕಿಗೂ ಶುರು ಆಗ್ಯಾದ." ಹಜರಾಬೀಯ ಮುಖ ಬಿಗಿಯಿತು. "ಮದುವಿ ಮನ್ಯಾಗಿನ ಹಳಸಿದ ಅನ್ನ ಕಟಗೊಂಡು ಬಂದು ಕೂಸಿಗಿ ಉಣಿಸಿದ್ಲು, ತಾನೂ ಉಂಡ್ಲು. ನನ್ನ ಮೊಮ್ಮಗನ್ನ ನೀನಾ ತಿಂದಿ ಅಂತ ನಿನ್ನಿ ಮಂದಿ ಮುಂದಾ ಅಂದೀನಿ ಆಕಿಗಿ. ಸುಳ್ಳನ?"

"ಅನ್ನದಿಂದ..." ಎಂದವನು ಅಲ್ಲಿಗೇ ನಿಲ್ಲಿಸಿದ. ನಾಲಿಗೆಯ ತುದಿಯಲ್ಲಿ ಒಂದೇ ಒಂದು ಮಾತಿತ್ತು. ಅದನ್ನಾಡಿದರೆ ಒಳಗೆ ಮಲಗಿದವಳ ಮೇಲಿನ ಕೊಲೆಯ ಅಪವಾದ ಇಳಿಯುತ್ತಿತ್ತು; ಇಳಿದು ನೇರ ಇವನ ಅಂಗಳಕ್ಕೆ ಬರುತ್ತಿತ್ತು. "ಆಕಿಗಿ ನೀರು ಕಾಸಿ ಕುಡಸ್ರಿ ಚಾಚಿ. ದವಾಖಾನಿಗಿ ಕರಕೊಂಡ್ ಹೋಗ್ರಿ."

"ಕಾಸಿ? ಯಾಕ, ನೀರಾಗ ಏನದ?"

"ಏನಿಲ್ರಿ. ಬ್ಯಾಸಗಿ ಅಲ್ಲೇನು, ಅದಕ್ಕ."

"ಬ್ಯಾಸಗ್ಯಾಗ ಬಿಸಿನೀರು ಕುಡೀತಾರೇನೋ ಹುಚ್ಚಾ!" ಎನ್ನುತ್ತ ಆಕೆ ಒಳಗೆ ಹೋದಳು. ಬರುವಾಗ ಕೈಯಲ್ಲಿ ತುಂಬಿದ ಲೋಟವಿತ್ತು. ಅದರ ಬಾಯಿಯನ್ನು ಸೆರಗಿನಿಂದ ಒರೆಸಿ ಮುಂದೆ ಹಿಡಿದಳು. "ಮುಂಜಾನಿ ನಳದ ನೀರು, ಮಣ್ಣಿನ ಹರವ್ಯಾಗ ಹಾಕಿಟ್ಟಿದ್ದು, ತಂಪದ. ಕುಡಿ."

ನೀರು ತಿಳಿಯಾಗಿಯೇ ಕಂಡಿತು. ತಳದಲ್ಲಿ ಬೂದಿಯಂಥದ್ದೇನೋ ಮೆಲ್ಲಗೆ ಕೂಡುತ್ತಿತ್ತು.

"ಬ್ಯಾಡ್ರಿ."

"ಬೆವರು ಹಳ್ಳ ಆಗಿ ಹರಿಯಾಕತ್ಯಾದ, ಬ್ಯಾಡ ಅಂತೀ. ಹಿಡಿ."

"ಬ್ಯಾಡ ಅಂದ್ನಲ್ರೀ."

ಲೋಟ ನಡುವೆಯೇ ನಿಂತಿತು. ಹಜರಾಬೀ ಅವನ ಮುಖ ನೋಡಿದಳು, ಕೈಗೆ ಮೆತ್ತಿದ ಕಪ್ಪು ರಾಡಿ ನೋಡಿದಳು, ತೆರೆದ ಗಟಾರ ನೋಡಿದಳು. ಈಗ ಪೈಪಿನ ಸಂಗತಿ ಕೇಳುತ್ತಾಳೆ ಎಂದುಕೊಂಡ ಖಂಡಪ್ಪ. ಆಕೆ ಕೇಳಿದ್ದೇ ಬೇರೆ.

"ನಮ್ಮ ಮನಿ ನೀರು ಅಂತನಾ?" ದನಿ ಸಣ್ಣದಾಗಿತ್ತು. "ಅಂಬೆಗಾಲು ಇಕ್ಕೂ ಹೊತ್ತಿನಿಂದ ನನ್ನ ಕೈಯಾಗ ಉಂಡಾಂವ ನೀನು. ನೀನೂ ಈಗ ಜಾತಿ ನೋಡೂ ಮಂದಿ ಹಂಗಾ ಆದ್ಯಾ?"

"ಅಮ್ಮೀ," ಒಳಗಿನಿಂದ ಮಮ್ತಾಜಳ ಒಣ ದನಿ ಬಂತು, "ಪಾನಿ."

ಹಜರಾಬೀ ಲೋಟ ಹಿಡಿದುಕೊಂಡೇ ಆ ಕಡೆ ಅರ್ಧ ತಿರುಗಿದಳು. ಆದರೂ ಹೋಗಲಿಲ್ಲ, ಉತ್ತರಕ್ಕೆ ಕಾದಳು.

ಖಂಡಪ್ಪ ಪಾನಾ ಎತ್ತಿಕೊಂಡು ಎದ್ದು ನಿಂತ.

"ಹೌದ್ರಿ," ಎಂದ. "ನಿಮ್ಮ ಮನಿ ನೀರು ನಾ ಒಲ್ಲೆ."