ಬೆಳ್ಳಿ ತಟ್ಟೆಗೊಂದು ಹೆಸರು

ಅಕ್ಕ ಹಸಿರು ಕನ್ನಡಕ ಏರಿಸಿ, ಲೇಸರ್ ಯಂತ್ರದ ಗುಂಡಿಯ ಮೇಲೆ ಬೆರಳಿಟ್ಟು, ಯಾವ ಹೆಸರು ಕೆತ್ತಬೇಕೆಂದು ಮತ್ತೊಮ್ಮೆ ಕೇಳಿದಳು. ಎದುರಿಗೆ ಪುಟ್ಟ ಬೆಳ್ಳಿ ತಟ್ಟೆ. ಪಕ್ಕದಲ್ಲಿ ನಿಂತಿದ್ದ ತಮ್ಮ ಗೋಡೆ ನೋಡಿದ.

ಅವನ ಮಗಳಿಗೆ ತಿಂಗಳು ತುಂಬಿದರೂ ಹೆಸರಿರಲಿಲ್ಲ. ಅಮ್ಮನಿಗೆ ತನ್ನ ತಾಯಿಯ ಹೆಸರೇ ಆಗಬೇಕು, ಬೀಗಿತ್ತಿಗೆ ಅವರ ತಾಯಿಯದು. ಬೆಳಿಗ್ಗೆ ಮಾತಿಗೆ ಮಾತು ಬೆಳೆದು, ಬೀಗಿತ್ತಿ ಬ್ಯಾಗಿಗೆ ಬಟ್ಟೆ ತುಂಬತೊಡಗಿದ್ದರು. ಬಾಣಂತಿ ಮುಸುಕು ಹೊದ್ದು ಮಲಗಿಬಿಟ್ಟಿದ್ದಳು.

"ಎರಡೂ ಕೆತ್ತಿಬಿಡು," ಎಂದ ತಮ್ಮ.

"ಯಾವುದು ಮೇಲೆ, ಯಾವುದು ಕೆಳಗೆ?"

ತಮ್ಮ ಮತ್ತೆ ಗೋಡೆ ನೋಡಿದ.

"ಇದು ಸ್ಲೇಟಲ್ಲ ಕಣೋ. ಕೆತ್ತಿದ್ರೆ ಕೆತ್ತಿದ್ದೇ," ಎಂದಳು ಅಕ್ಕ. ಆಮೇಲೆ ಇದ್ದಕ್ಕಿದ್ದಂತೆ ನಕ್ಕು, ಮನೆಗೆ ಹೋಗಿ ಮಗುವಿನ ಅಂಗಾಲಿಗೆ ಲಿಪ್‌ಸ್ಟಿಕ್ ಹಚ್ಚಿ, ಕಾಗದಕ್ಕೆ ಒತ್ತಿ, ಫೋಟೋ ಕಳಿಸೆಂದು ಅವನನ್ನು ಅಟ್ಟಿದಳು.

ಫೋಟೋ ಬಂತು. ಮೊದಲು ಹಳೆಯ ಡಬ್ಬಿಯ ಮುಚ್ಚಳದ ಮೇಲೆ ಕೆತ್ತಿ ನೋಡಿದಳು. ಸರಿಬಂತು. ಆಮೇಲೆ ತಟ್ಟೆ ಇಟ್ಟಳು. ಲೇಸರಿನ ಅವಗೆಂಪು ಕಿರಣ ಕಣ್ಣಿಗೆ ಕಾಣುವಂಥದ್ದಲ್ಲ. ಸಣ್ಣಗೆ ಗುಂಯ್ ಎನ್ನುವ ಸದ್ದಷ್ಟೇ. ನೋಡನೋಡುತ್ತಿದ್ದಂತೆ ಬೆಳ್ಳಿಯ ಮೇಲೆ ಹಿಮ್ಮಡಿ ಮೂಡಿತು, ಅಂಗಾಲು ಮೂಡಿತು, ಕೊನೆಗೆ ಬಟಾಣಿಯಂಥ ಬೆರಳುಗಳು ಒಂದೊಂದಾಗಿ ಬಂದು ಕೂತವು. ನಾಯಿಗಳ ಕೊರಳಬಿಲ್ಲೆ, ಅಂಗಡಿಯವರ ಬೀಗದ ಕೈ ಎಂದು ಏನೇನೋ ಕೆತ್ತಿದ್ದ ಅಕ್ಕನಿಗೆ, ಯಂತ್ರ ಕೊಂಡದ್ದು ಸಾರ್ಥಕವಾಯಿತು ಅನ್ನಿಸಿದ್ದು ಆಗಲೇ.

ಅವಳು ತಟ್ಟೆ ಹಿಡಿದು ತಮ್ಮನ ಮನೆಗೆ ಹೋದಾಗ ಬೀಗಿತ್ತಿ ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತಿದ್ದರು. ತಟ್ಟೆಯನ್ನು ಅಮ್ಮನೇ ಮೊದಲು ಇಸಿದುಕೊಂಡಳು.

"ನೋಡಿ, ಹೆಬ್ಬೆರಳಿಗಿಂತ ಪಕ್ಕದ್ದು ಉದ್ದ. ಅಪ್ಪಟ ನಮ್ಮ ಮನೆ ಕಾಲು."

ಬೀಗಿತ್ತಿ ಬ್ಯಾಗು ಕೆಳಗಿಟ್ಟರು. "ಯಾರು ಹೇಳಿದ್ದು? ಇಲ್ನೋಡಿ," ಎಂದು ನೆಲದ ಮೇಲೆ ಕೂತು ಬಲಗಾಲು ಚಾಚಿದರು. ಅಮ್ಮ ಬಿಟ್ಟಾಳೆಯೇ? ಅವಳೂ ಎದುರಿಗೆ ಕೂತು ಕಾಲು ಚಾಚಿದಳು. ತಟ್ಟೆಯ ಆಚೆಗೊಂದು, ಈಚೆಗೊಂದು ಪಾದ. ಮುಸುಕು ಸರಿಸಿ ಎದ್ದು ಬಂದ ಬಾಣಂತಿ ಕೂಸನ್ನೆತ್ತಿಕೊಂಡು ಇಬ್ಬರ ನಡುವೆ ಬಗ್ಗಿದಳು. ಮೂರು ಪಾದಗಳಲ್ಲೂ ಹೆಬ್ಬೆರಳ ಪಕ್ಕದ್ದೇ ಉದ್ದ.

ಕೊನೆಗೆ ಅಮ್ಮನೇ ಮೆಲ್ಲಗೆ ಕೇಳಿದಳು: "ನಿಮ್ಮದೂ ಹೀಗೇನಾ, ಬೀಗಿತ್ತಿಯವ್ರೇ?"