ಜಿಲ್ಲಾ ಗೆರೆಗಾರನ ಅಂಕಪಟ್ಟಿ

ಎಷ್ಟು ಅಂಕ ಬಂದವರು ಕಾಲೇಜಿಗೆ ಯೋಗ್ಯರೆಂಬ ಪಂಡಿತರ ಜಗಳ ಬಗೆಹರಿಯದೆ, ಸರ್ಕಾರ ಜಿಲ್ಲೆಗೊಬ್ಬ ಗೆರೆಗಾರನನ್ನು ನೇಮಿಸಿಬಿಟ್ಟಿತ್ತು. ಅವನು ಪ್ರತಿವರ್ಷ ಮಕ್ಕಳ ಜೊತೆ ಪರೀಕ್ಷೆ ಬರೆಯಬೇಕು. ಅವನಿಗೆ ಬಂದ ಅಂಕವೇ ಆ ವರ್ಷ ಎಲ್ಲರಿಗೂ ಗೆರೆ. ಹೊಸದನ್ನು ಕಲಿಯಬಾರದು, ಕಲಿತದ್ದನ್ನು ಮರೆಯಬಾರದು. ಸಂಗನಬಸಪ್ಪ ಹತ್ತೊಂಬತ್ತು ವರ್ಷ ಈ ವ್ರತ ಕೆಡಿಸದೆ ನಲವತ್ತೊಂದೇ ಅಂಕ ತೆಗೆದಿದ್ದ.

ಈ ವರ್ಷ ಮಗಳು ಕಸ್ತೂರಿಯೂ ಪರೀಕ್ಷೆಗೆ ಕೂತಿದ್ದಳು. "ಒಂದ್ ನಾಕ್ ಲೆಕ್ಕ ತಪ್ಪು ಬರದ್ ಬರ್ರಿ, ಹುಡುಗಿ ದಾಟಲಿ," ಎಂದು ಹೆಂಡತಿ ನೀಲವ್ವ ರೊಟ್ಟಿ ಬಡಿಸುತ್ತ ಹೇಳಿದ್ದಳು.

"ಗೆರಿನ ಡೊಂಕಾದ್ರ ನೆಟ್ಟಗ ನಡಿಯೋರು ಯಾವದನ್ನ ನೋಡಿ ನಡೀಬೇಕು?" ಎಂದು ಅವನು ಸಿಡುಕಿ, ತಿಳಿದದ್ದನ್ನೆಲ್ಲ ಪ್ರಾಮಾಣಿಕವಾಗಿ ಬರೆದು ಬಂದಿದ್ದ.

ಫಲಿತಾಂಶದ ದಿನ ಮೂವರೂ ಕಚೇರಿಗೆ ಹೋದರು. ಗುಮಾಸ್ತ ಹಾಳೆ ನೋಡಿ ಕನ್ನಡಕ ತೆಗೆದ. "ನಲವತ್ತೇಳು. ಏನ್ರಿ ಸಂಗನಬಸಪ್ಪನವರ, ಕದ್ದು ಓದೀರೇನು?"

"ಓದಿಲ್ರಿ. ಮಗಳು ವರ್ಷಪೂರ್ತಿ ಗಟ್ಟ್ಯಾಗಿ ಓದಿದ್ಲು. ನನ್ನ ಕಿವಿಗೆ ಕದ ಇಲ್ಲಲ್ರಿ."

ಕಸ್ತೂರಿಗೆ ಬಂದದ್ದು ನಲವತ್ತಾರು. ಅವಳು ಅಪ್ಪನತ್ತ ನೋಡಲಿಲ್ಲ. ಅಪ್ಪನಿಗೂ ತಲೆ ಎತ್ತಲಾಗಲಿಲ್ಲ.

ಗುಮಾಸ್ತ ನಿಯಮದ ಪುಸ್ತಕ ತಿರುವಿದ. ಐದಕ್ಕಿಂತ ಹೆಚ್ಚು ಅಂಕ ಮೇಲೇರಿದ ಗೆರೆಗಾರ ಹುದ್ದೆ ಬಿಟ್ಟು ಕಾಲೇಜಿಗೆ ಹೋಗತಕ್ಕದ್ದು. ಆ ಹುದ್ದೆ ಗೆರೆಗೆ ಒಂದೇ ಅಂಕ ಕಡಿಮೆಯಾದವರಿಗೆ. ಅಂಥವಳು ಜಿಲ್ಲೆಯಲ್ಲಿ ಕಸ್ತೂರಿ ಒಬ್ಬಳೇ. ಹೀಗೆ ಪ್ರವೇಶದ ಅರ್ಜಿ ಅಪ್ಪನ ಕೈಗೂ, ನೇಮಕಾತಿ ಆದೇಶ ಮಗಳ ಕೈಗೂ ಬಂತು.

ನೀಲವ್ವ ಆದೇಶವನ್ನು ಕಣ್ಣಿಗೊತ್ತಿಕೊಂಡು ಗಂಡನಿಗೆ ಹೇಳಿದಳು: "ಕಾಲೇಜಿಗೆ ಹೋಗ್ರಿ, ಬ್ಯಾಡನ್ನಂಗಿಲ್ಲ. ಆದ್ರ ಮನ್ಯಾಗ ಗಟ್ಟ್ಯಾಗಿ ಓದಬ್ಯಾಡ್ರಿ. ಹುಡುಗಿ ನೌಕರಿ ಹೋಗ್ತೈತಿ."