ಎರಡು ಸಲ ಗೆದ್ದವರಿಲ್ಲ

ಆ ಊರಿನ ಮುದ್ದೆ ಉಣ್ಣುವ ಸ್ಪರ್ಧೆಯಲ್ಲಿ ಒಮ್ಮೆ ಗೆದ್ದವರು ಮತ್ತೊಮ್ಮೆ ಗೆದ್ದದ್ದೇ ಇಲ್ಲ. ಊರಿನ ಹೊಸ ಅಳಿಯ ತಿಬ್ಬಯ್ಯನಿಗೆ ಇದೊಂದು ಸೋಜಿಗ. ತನ್ನನ್ನು ‘ಕಡ್ಡಿ ಅಳಿಯ’ ಎಂದು ಆಡಿಕೊಳ್ಳುವ ಮಾವನ ಮನೆಯವರ ಬಾಯಿ ಮುಚ್ಚಿಸಲೇಬೇಕೆಂದು ಅವನು ಬೆಳಗಿನಿಂದ ಹಸಿದುಕೊಂಡು ಬಂದು ಪಂಕ್ತಿಯಲ್ಲಿ ಕೂತ.

ಕೊನೆಗೆ ಉಳಿದವರು ಅವನು ಮತ್ತು ಹೋದ ವರ್ಷ ಗೆದ್ದಿದ್ದ ದಡೂತಿ ಕೆಂಚೇಗೌಡ. ತಿಬ್ಬಯ್ಯನ ಕಣ್ಣುಗುಡ್ಡೆ ಮೇಲಕ್ಕೆ ಹೋಗುತ್ತಿತ್ತು. ಗೌಡ ಮಾತ್ರ ಆರಾಮಾಗಿ ನುಂಗುತ್ತಿದ್ದವನು ಇದ್ದಕ್ಕಿದ್ದಂತೆ ಕೈ ಕೊಡವಿ ಎದ್ದುಬಿಟ್ಟ.

“ನನ್ ಕೈಲಾಗಕಿಲ್ಲ ಕಣಪ್ಪ. ನೀನೇ ಗೆದ್ದೆ.”

“ಯಾಕಣ್ಣ, ನಿಂಗಿನ್ನೂ ಒಂದು ತೇಗೂ ಬಂದಿಲ್ವಲ್ಲ!”

“ಹೋದ್ ವರ್ಸ ಗೆದ್ದಿದ್ದೇ ಸಾಕು ಬುಡು,” ಎಂದವನೇ ಗೌಡ ಪಂಚೆ ಎತ್ತಿ ಕಟ್ಟಿ ಮನೆಯತ್ತ ಓಡಿದ.

ಜನ ತಿಬ್ಬಯ್ಯನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಅವನು ಹೊಟ್ಟೆ ಕುಲುಕದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಮಾವ ಮೀಸೆ ತಿರುವಿದರು. ಸ್ಪರ್ಧೆ ನಡೆಸುವ ಯಜಮಾನರು ಹಾರ ಹಾಕಿ, ಅವನ ಕೈಯನ್ನು ಪ್ರೀತಿಯಿಂದ ಗಟ್ಟಿಯಾಗಿ ಹಿಡಿದುಕೊಂಡರು.

“ನಡೀರಿ ಅಳಿಯಂದ್ರೆ, ಗೆದ್ದೋರಿಗೆ ವರ್ಸ ವರ್ಸನೂ ನಮ್ಮನೇಲೇ ಊಟ. ನಮ್ಮನೆಯವಳು ಆಗ್ಲೇ ಬಿಸಿ ಮುದ್ದೆ ಕಟ್ಟಿ ಕಾಯ್ತಾವ್ಳೆ.”